ತಮ್ಮನಿಗೆ ಕೆಟಮಿನ್ ಡ್ರಿಪ್ ಕೊಡಿಸಬಹುದಾ?

ಮೈಸೂರಿನ ಓದುಗರೊಬ್ಬರ ಪತ್ರ: "ತಮ್ಮನಿಗೆ ಖಿನ್ನತೆ. ಮೂರು ಬಗೆಯ ಮಾತ್ರೆ ಆಯ್ತು, ಯಾವುದೂ ಹಿಡಿಯಲಿಲ್ಲ. ಈಗ ಡಾಕ್ಟರು ಕೆಟಮಿನ್ ಡ್ರಿಪ್ ಹೇಳಿದ್ದಾರೆ. ಹಾಲಿವುಡ್ ನಟ ಮ್ಯಾಥ್ಯೂ ಪೆರಿ ಸತ್ತಿದ್ದು ಅದರಿಂದಲೇ ಅಂತ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಕೊಡಿಸಬಹುದಾ? ಮುಗಿದ ಮೇಲೆ ಅವನೇ ಬೈಕಿನಲ್ಲಿ ವಾಪಸ್ ಬರಬಹುದಾ?"

ಬೈಕಿನ ಮಾತು ಮೊದಲು ಮುಗಿಸೋಣ. ಬೇಡ. ಅವತ್ತಿಡೀ ಗಾಡಿ ಮುಟ್ಟುವುದು ಬೇಡ. ರಾತ್ರಿ ಚೆನ್ನಾಗಿ ನಿದ್ದೆಯಾಗಿ, ಮರುದಿನ ತಲೆ ತಿಳಿಯಾದ ಮೇಲೆ ಓಡಿಸಲಿ. ಹೋಗುವಾಗಲೂ ಬರುವಾಗಲೂ ಮನೆಯವರೊಬ್ಬರು ಜೊತೆಗಿರಿ. ಆ ದಿನ ದೊಡ್ಡ ನಿರ್ಧಾರ, ಸಹಿ ಹಾಕುವ ಕೆಲಸ ಕೂಡ ಬೇಡ.

ಇನ್ನು ಪೆರಿ ವಿಷಯ. ಅವರು ಸತ್ತಿದ್ದು 2023ರ ಅಕ್ಟೋಬರ್ 28ರಂದು. ವೈದ್ಯರ ಕೈಕೆಳಗೆ ಡ್ರಿಪ್ ತೆಗೆದುಕೊಳ್ಳುತ್ತಿದ್ದದ್ದು ನಿಜ. ಆದರೆ ಕೊನೆಯ ಡ್ರಿಪ್ ಆಗಿ ಒಂದೂವರೆ ವಾರ ಕಳೆದಿತ್ತು. ಕೆಟಮಿನ್ ಕೆಲವೇ ಗಂಟೆಗಳಲ್ಲಿ ಮೈಯಿಂದ ಇಳಿದುಹೋಗುವ ಮದ್ದು. ಹಾಗಾಗಿ ದೇಹದಲ್ಲಿ ಸಿಕ್ಕಿದ್ದು ಆ ಡ್ರಿಪ್ಪಿನದ್ದಲ್ಲ ಎಂದು ಶವಪರೀಕ್ಷೆ ವರದಿ ಹೇಳಿತು. ಸಿಕ್ಕಿದ್ದು ಆಪರೇಷನ್ನಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವಷ್ಟು. ಕೊಟ್ಟಿದ್ದು ಮನೆಯಲ್ಲಿ. ಆಮೇಲೆ ಅವರು ಒಬ್ಬರೇ ಬಿಸಿನೀರಿನ ಸ್ನಾನದ ತೊಟ್ಟಿಯಲ್ಲಿದ್ದರು. ಆ ಕೇಸಿನಲ್ಲಿ ಇಬ್ಬರು ವೈದ್ಯರ ಮೇಲೂ ಆರೋಪ ಬಂತು.

ಆದ್ದರಿಂದ "ಈ ಮದ್ದು ಒಳ್ಳೆಯದಾ ಕೆಟ್ಟದ್ದಾ" ಅನ್ನುವುದಕ್ಕಿಂತ, ಎಲ್ಲಿ ಕೊಡುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ ಅನ್ನುವುದನ್ನು ಕೇಳಿ. ಇದು 1970ರಿಂದ ಆಪರೇಷನ್ ಕೋಣೆಯಲ್ಲಿ ಬಳಕೆಯಲ್ಲಿರುವ ಅರಿವಳಿಕೆ ಮದ್ದು. ಖಿನ್ನತೆಗೆ ಸಾಮಾನ್ಯವಾಗಿ ತೂಕದ ಕಿಲೋಗೆ ಅರ್ಧ ಮಿಲಿಗ್ರಾಂ, 40 ನಿಮಿಷದಲ್ಲಿ ನಿಧಾನವಾಗಿ ಹರಿಸುತ್ತಾರೆ. ಅರವತ್ತು ಕಿಲೋ ಇರುವವರಿಗೆ 30 ಮಿಲಿಗ್ರಾಂ, ಅಷ್ಟೇ. ಅಷ್ಟರಲ್ಲೇ ಮೈ ಬೇರೆ, ನಾನು ಬೇರೆ ಅನ್ನಿಸಬಹುದು. ಗೋಡೆ ಹತ್ತಿರ ಬಂದಂತೆ, ಹೊತ್ತು ನಿಂತುಬಿಟ್ಟಂತೆ ಆಗಬಹುದು. ಮೊದಲೇ ತಿಳಿಸಿ ಹೇಳದಿದ್ದರೆ ಹುಡುಗ ಗಾಬರಿ ಬೀಳುತ್ತಾನೆ. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ವಾಕರಿಕೆ ಬರಬಹುದು. ಬಿಪಿ ಏರುತ್ತದೆ, ಮುಖ್ಯವಾಗಿ ನೋಡಬೇಕಾದ್ದು ಅದನ್ನೇ. ಹತೋಟಿಗೆ ಬಾರದ ಬಿಪಿ, ಹೃದಯದ ತೊಂದರೆ, ಹಿಂದೆ ಭ್ರಮೆ ಕಂಡಿದ್ದು, ಕುಡಿತ ಅಥವಾ ನಶೆಯ ಚಟ ಇದ್ದರೆ ಮುಚ್ಚಿಡದೆ ಹೇಳಿ. ನಿದ್ದೆಗೆಂದು ಕ್ಲೋನಾಜೆಪಾಮ್ ತರಹದ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಅದರಿಂದ ಕೆಟಮಿನ್ ಗುಣ ತಗ್ಗಬಹುದು. ಆದರೆ ನೀವಾಗೇ ನಿಲ್ಲಿಸಬೇಡಿ.

ಮನೋವೈದ್ಯರು ಬರೆದುಕೊಟ್ಟರಷ್ಟೇ ಸಾಲದು. ಉಸಿರು ನೋಡಿಕೊಳ್ಳಲು ಗೊತ್ತಿರುವ ಅರಿವಳಿಕೆ ವೈದ್ಯರು, ಆಕ್ಸಿಜನ್, ಬಿಪಿ ಮಾನಿಟರ್, ಮುಗಿದ ಮೇಲೂ ಕೂರಿಸಿ ಗಮನಿಸುವ ಜಾಗ, ಇಷ್ಟು ಇರಲೇಬೇಕು. ಇಲ್ಲದ ಕಡೆ ನನ್ನ ಮನೆಯವರನ್ನಂತೂ ನಾನು ಕಳಿಸುವುದಿಲ್ಲ. "ಮನೆಗೇ ಕಳಿಸಿಕೊಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮಲ್ಲಿ 2013ರಿಂದ ಕೆಟಮಿನ್ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ, ಸುಮ್ನೆ ಅಂಗಡಿಯಲ್ಲಿ ಕೊಳ್ಳುವ ಮದ್ದಲ್ಲ. ಅಮೆರಿಕದಲ್ಲಿ ಕೂಡ 2019ರಲ್ಲಿ ಖಿನ್ನತೆಗೆ ಒಪ್ಪಿಗೆ ಸಿಕ್ಕಿದ್ದು ಇದರ ದಾಯಾದಿ ಎಸ್ಕೆಟಮಿನ್ ಎಂಬ ಮೂಗಿನ ಸ್ಪ್ರೇಗೆ, ಡ್ರಿಪ್ಪಿಗಲ್ಲ. ಸ್ಪ್ರೇ ಹಾಕಿದ ಮೇಲೂ ಕನಿಷ್ಠ ಎರಡು ಗಂಟೆ ಅಲ್ಲೇ ಕಾಯಬೇಕು.

ಇದು ಒಂದೇ ಸಲಕ್ಕೆ ಮುಗಿಯುವುದೂ ಅಲ್ಲ. ಎರಡು ಮೂರು ವಾರದಲ್ಲಿ ಆರು ಸಲ ಕೊಡುವುದು ರೂಢಿ. ಕೆಲವರಿಗೆ ಗಂಟೆಗಳಲ್ಲೇ ಮನಸ್ಸು ಹಗುರಾಗುತ್ತದೆ, ಬೇರೆ ಮಾತ್ರೆಗಳಲ್ಲಿ ಅದು ಕಾಣುವುದಿಲ್ಲ. ಆದರೆ ಕೆಲವು ದಿನ, ವಾರಗಳಲ್ಲಿ ಗುಣ ಇಳಿಯುತ್ತದೆ. ಖರ್ಚು, ರಜೆ, ಮುಂದಿನ ಯೋಜನೆ ಮೊದಲೇ ಕೇಳಿಕೊಳ್ಳಿ. ಜಾಸ್ತಿ ಕಾಲ ನಡೆದರೆ ಮೂತ್ರ ಉರಿ, ಪದೇ ಪದೇ ಹೋಗುವುದು ಇದೆಯಾ ಅಂತ ಗಮನಿಸಿ. ನಶೆಗಾಗಿ ದಿನಾ ಬಳಸುವವರ ಮೂತ್ರಕೋಶವನ್ನು ಇದು ಹಾಳು ಮಾಡಿದೆ.

ಶಾಕ್ ಚಿಕಿತ್ಸೆ ಬೇಡವೆಂದು ಇದಕ್ಕೆ ಬಂದಿದ್ದೀರಾ? 2023ರಲ್ಲಿ ಅಮೆರಿಕದ ಒಂದು ಅಧ್ಯಯನ ಎರಡನ್ನೂ ಹೋಲಿಸಿತು. ಭ್ರಮೆಯಿಲ್ಲದ ರೋಗಿಗಳಲ್ಲಿ ಕೆಟಮಿನ್ ಪಡೆದ ನೂರಕ್ಕೆ ಸುಮಾರು 55 ಮಂದಿಗೆ, ಶಾಕ್ ಪಡೆದ ಸುಮಾರು 41 ಮಂದಿಗೆ ಗುಣ ಕಂಡಿತು. ಭ್ರಮೆಯಿದ್ದರೆ ಲೆಕ್ಕ ಬೇರೆ. ಡಾಕ್ಟರ ಹತ್ತಿರ ಎರಡರ ಬಗ್ಗೆಯೂ ಕೇಳಿ.

ಅಪಾಯಿಂಟ್‌ಮೆಂಟ್ ಸಿಗುವವರೆಗೆ ಅವನು ಸಾಯುವ ಮಾತಾಡಿದರೆ ಕಾಯಬೇಡಿ, ಒಬ್ಬನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.