ಛಾಯಾಚಿತ್ರದ ಎಂಟು ಮಂದಿ, ಕೆರೆಯಾಚೆ ಬಿದ್ದ ವಿಮಾನ

ಕೋಲಾರ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನಗಳನ್ನು ಕುರಿತ ನಮ್ಮ ಲೇಖನದಲ್ಲಿ, ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಾಟ ನಡೆಸಿದ ಸುಮಾರು 1,25,000 ಮಂದಿಯ ಪೈಕಿ 55,573 ಮಂದಿ ಸತ್ತರೆಂದು ಬರೆದಿತ್ತು. ಕೊನೆಯ ಅಂಕಿಯವರೆಗೂ ಲೆಕ್ಕ ಸಿಗುವುದಾದರೆ ಹೆಸರುಗಳೂ ಸಿಗಬೇಕಲ್ಲವೇ ಎಂದು ಅವರು ಕೇಳಿದ್ದಾರೆ. ಅವರ ಬಳಿ ಹಳೆಯ ಛಾಯಾಚಿತ್ರವೊಂದಿದೆ. ನಾಲ್ಕು ಎಂಜಿನ್ನಿನ ವಿಮಾನದ ಮುಂದೆ ಎಂಟು ಮಂದಿ ನಿಂತಿದ್ದಾರೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ‘ಕೋಲಾರ, ನವೆಂಬರ್ 1944’ ಎಂಬ ಸಾಲನ್ನು ಬಿಟ್ಟರೆ ಬೇರೇನೂ ಇಲ್ಲ. ಯುದ್ಧಕಾಲದಲ್ಲಿ ಊರ ಕೆರೆಯಾಚೆ ದೊಡ್ಡ ವಿಮಾನವೊಂದು ಬಿದ್ದು ಒಳಗಿದ್ದವರೆಲ್ಲ ಸತ್ತರೆಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಚಿತ್ರದಲ್ಲಿರುವವರೇ ಆ ಮೃತರೆಂದು ಓದುಗರು ನಂಬಿದ್ದಾರೆ. ‘ಕೋಲಾರದಲ್ಲಿ ಮಡಿದ ವೀರರು’ ಎಂಬ ಅಡಿಬರಹದೊಂದಿಗೆ ಚಿತ್ರವನ್ನು ಪ್ರಕಟಿಸಬೇಕೆಂದೂ, ಅವರ ಹೆಸರು ಹುಡುಕುವ ದಾರಿಯನ್ನು ತಿಳಿಸಬೇಕೆಂದೂ ಕೋರಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ,

ಚಿತ್ರವನ್ನು ಖಂಡಿತ ಪ್ರಕಟಿಸುತ್ತೇವೆ, ಆದರೆ ತಾವು ಸೂಚಿಸಿದ ಅಡಿಬರಹದೊಂದಿಗೆ ಅಲ್ಲ. ತಮ್ಮಲ್ಲಿರುವ ಚಿತ್ರ ಒಂದು ಸಾಕ್ಷ್ಯ, ತಮ್ಮ ಅಜ್ಜಿಯವರ ಮಾತು ಇನ್ನೊಂದು ಸಾಕ್ಷ್ಯ. ಎರಡನ್ನೂ ಗೌರವದಿಂದ ಕಾಣಬೇಕು. ಆದರೆ ಎರಡಕ್ಕೂ ಗಂಟು ಹಾಕುವಂಥದ್ದೇನೂ ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ. ಈ ಎಂಟು ಮಂದಿಯಲ್ಲಿ ಕೆಲವರು, ಅಥವಾ ಎಲ್ಲರೂ, ಯುದ್ಧ ಮುಗಿಸಿ ತಮ್ಮ ತಮ್ಮ ಊರು ಸೇರಿ ಮುದುಕರಾಗಿ ತೀರಿಕೊಂಡಿರಬಹುದು. ಬದುಕಿ ಬಾಳಿದವರನ್ನು ಸತ್ತವರ ಪಟ್ಟಿಗೆ ಸೇರಿಸುವ ತಪ್ಪು ಈ ಬಗೆಯ ಹುಡುಕಾಟಗಳಲ್ಲಿ ಆಗಾಗ ಆಗುತ್ತದೆ. ಒಮ್ಮೆ ಅಚ್ಚಾದರೆ ಅದನ್ನು ಅಳಿಸುವುದು ಕಷ್ಟ.

ಬಾಂಬರ್ ಸಿಬ್ಬಂದಿಯನ್ನು ಹುಡುಕುವವರು ಮನುಷ್ಯರ ಹೆಸರಿನಿಂದ ಆರಂಭಿಸುವುದಿಲ್ಲ. ಮೊದಲು ವಿಮಾನ, ಆಮೇಲೆ ದಿನಾಂಕ, ಆಮೇಲೆ ಮನುಷ್ಯರು. ಅಂದಿನ ದಾಖಲೆ ಬರೆದವರು ಅನುಸರಿಸಿದ ಕ್ರಮವೂ ಇದೇ. ಬ್ರಿಟಿಷ್ ವಾಯುಪಡೆಯ ಪ್ರತಿಯೊಂದು ಸ್ಕ್ವಾಡ್ರನ್ನೂ, ಅಂದರೆ ವಿಮಾನ ದಳವೂ, ಕಾರ್ಯಾಚರಣೆಯ ದಾಖಲೆ ಪುಸ್ತಕವೊಂದನ್ನು ಇಡಬೇಕಿತ್ತು. ಅದರಲ್ಲಿ 540ನೆಯ ನಮೂನೆ ದಿನಚರಿಯಂತಿದ್ದರೆ, 541ನೆಯ ನಮೂನೆ ಒಂದೊಂದು ಹಾರಾಟದ ಲೆಕ್ಕ. ದಿನಾಂಕ, ವಿಮಾನದ ಮಾದರಿ ಮತ್ತು ಸಂಖ್ಯೆ, ಒಳಗಿದ್ದವರ ಹೆಸರುಗಳು, ವಹಿಸಿದ ಕೆಲಸ, ಏರಿದ ಹೊತ್ತು, ಇಳಿದ ಹೊತ್ತು, ಕೊನೆಗೆ ನಾಲ್ಕಾರು ಸಾಲಿನ ವಿವರ. ಇವು ಅದರ ಅಂಕಣಗಳು. ಹಿಂತಿರುಗದ ವಿಮಾನದ ಸಾಲಿನಲ್ಲಿ ಹೆಸರುಗಳಿರುತ್ತವೆ, ಏರಿದ ಹೊತ್ತಿರುತ್ತದೆ, ಇಳಿದ ಹೊತ್ತಿನ ಅಂಕಣ ಖಾಲಿ. ವಿವರದ ಜಾಗದಲ್ಲಿ, ಹೊರಟ ಮೇಲೆ ಈ ವಿಮಾನದಿಂದ ಏನೂ ಕೇಳಿಬರಲಿಲ್ಲ ಎಂಬರ್ಥದ ಒಂದೇ ವಾಕ್ಯ. ಪಕ್ಕದ ಸಾಲುಗಳಲ್ಲಿ ಮೋಡ ಎಷ್ಟಿತ್ತು, ಗುರಿ ಕಂಡಿತೇ ಎಂದೆಲ್ಲ ಬರೆದ ಗುಮಾಸ್ತನೇ ಇದನ್ನೂ ಬರೆದಿರುತ್ತಾನೆ. ಈ ಪುಸ್ತಕಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಏರ್ 27’ ಎಂಬ ಶ್ರೇಣಿಯಲ್ಲಿವೆ, ಅಂತರ್ಜಾಲದಲ್ಲೂ ದೊರೆಯುತ್ತವೆ.

ಸಂಖ್ಯೆಗಳು ಕರಾರುವಾಕ್ಕಾಗಿರಲು ಇನ್ನೊಂದು ಕಾರಣ, ಯುದ್ಧ ಮುಗಿಯುವ ಹೊತ್ತಿನಲ್ಲಿ ವಾಯುಪಡೆ ಕಟ್ಟಿದ ಕಾಣೆಯಾದವರ ಶೋಧನಾ ವಿಭಾಗ. ನಲವತ್ತು ಸಾವಿರಕ್ಕೂ ಮಿಕ್ಕಿದ ಕಾಣೆಯಾದವರನ್ನು ಅರಸಿ ಅದರ ಅಧಿಕಾರಿಗಳು ಹಳ್ಳಿಹಳ್ಳಿ ಅಲೆದರು. ಪಾದ್ರಿಗಳನ್ನೂ ಪಂಚಾಯಿತಿಯವರನ್ನೂ ವಿಚಾರಿಸಿದರು. ಗೋರಿ ತೆರೆಸಿ ಬಟ್ಟೆಯ ಮೇಲಿನ ಧೋಬಿ ಗುರುತಿನಿಂದ, ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಯಿಂದ ಹೆಸರು ಪತ್ತೆ ಹಚ್ಚಿದರು. ಎಂಜಿನ್ನಿನ ಸಂಖ್ಯೆಯಿಂದ ವಿಮಾನ ತಿಳಿಯುತ್ತದೆ, ವಿಮಾನದಿಂದ ಅಂದು ಅದರಲ್ಲಿದ್ದವರ ಪಟ್ಟಿ ತಿಳಿಯುತ್ತದೆ. ವಿಮಾನ ಮೊದಲು ಎಂದು ನಾವು ಹೇಳಿದ್ದು ಇದಕ್ಕೇ.

ಒಂದು ಉದಾಹರಣೆ ಕೊಡುತ್ತೇವೆ. 1943ರ ಮೇ 16ರ ರಾತ್ರಿ 617ನೆಯ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರ್ ಬಾಂಬರುಗಳು ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿಗೆ ಹೊರಟವು. ಅವುಗಳಲ್ಲಿದ್ದ 133 ಮಂದಿಯಲ್ಲಿ 53 ಮಂದಿ ಸತ್ತರು, ಮೂವರು ಸೆರೆಸಿಕ್ಕರು. ಜಾನ್ ಹಾಪ್‌ಗುಡ್ ನಡೆಸುತ್ತಿದ್ದ ‘ಇಡಿ 925’ ಎಂಬ ವಿಮಾನ ಮೋನೆ ಅಣೆಕಟ್ಟಿನ ಬಳಿ ಬಿತ್ತು. ಏಳು ಮಂದಿಯಲ್ಲಿ ಇಬ್ಬರು ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು: ಕೆನಡಾದವರಾದ ಬಾಂಬ್ ಏಮರ್ (ಬಾಂಬಿನ ಗುರಿ ಹಿಡಿಯುವವರು) ಫ್ರೇಸರ್ ಮತ್ತು ಆಸ್ಟ್ರೇಲಿಯಾದವರಾದ ಹಿಂಬದಿ ಗನ್ನರ್ ಬರ್ಚರ್. ಸತ್ತ ಐವರೂ ರೈನ್‌ಬರ್ಗ್ ಯುದ್ಧ ಸ್ಮಶಾನದಲ್ಲಿದ್ದಾರೆ. ಈ ಒಂದೇ ವಿಮಾನದ ಏಳು ಮಂದಿಯ ಕಾಗದಪತ್ರಕ್ಕಾಗಿ ಲಂಡನ್, ಒಟ್ಟಾವಾ, ಕ್ಯಾನ್‌ಬೆರಾ, ಹೀಗೆ ಮೂರು ರಾಜಧಾನಿಗಳ ಪತ್ರಾಗಾರಗಳನ್ನು ನೋಡಬೇಕಾಗುತ್ತದೆ. ಅದೇ ರಾತ್ರಿ ಬೈಯರ್ಸ್ ಎಂಬವರ ವಿಮಾನ ಡಚ್ ಕರಾವಳಿಯ ಕಡಲಿಗೆ ಬಿತ್ತು. ಹಿಂಬದಿ ಗನ್ನರ್ ಮ್ಯಾಕ್‌ಡೊವೆಲ್ ಒಬ್ಬರ ದೇಹ ಮಾತ್ರ ಸಿಕ್ಕಿ ಅವರಿಗೆ ಹಾರ್ಲಿಂಗೆನ್‌ನಲ್ಲಿ ಗೋರಿಯಾಯಿತು. ಉಳಿದ ಆರು ಹೆಸರುಗಳು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದ ಕಲ್ಲಿನ ಮೇಲಿವೆ. ಗೋರಿ ಸಿಗದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಾಯುಯೋಧರ ಹೆಸರುಗಳನ್ನು ಕೆತ್ತಿರುವ ಆ ಸ್ಮಾರಕ 1953ರಲ್ಲಿ ಅನಾವರಣಗೊಂಡಿತು. ಗೋರಿಗಳನ್ನಷ್ಟೇ ಎಣಿಸಿದವರಿಗೆ ಬೈಯರ್ಸ್ ಅವರ ವಿಮಾನದಲ್ಲಿ ಒಬ್ಬರೇ ಸತ್ತಂತೆ ತೋರುತ್ತದೆ.

ಇನ್ನು ತಮ್ಮ ಚಿತ್ರದ ವಿಷಯ. ಒಂದು ವಿಮಾನದ ಮುಂದೆ ಒಟ್ಟಿಗೆ ನಿಂತವರು ಒಟ್ಟಿಗೇ ಹಾರಿ ಒಟ್ಟಿಗೇ ಸತ್ತರೆಂದು ಭಾವಿಸುವುದು ಸಹಜ, ಏಕೆಂದರೆ ಬಾಂಬರ್ ಸಿಬ್ಬಂದಿ ನಿಜಕ್ಕೂ ಒಂದು ಕುಟುಂಬದಂತೆ ಬಾಳುತ್ತಿದ್ದರು. ಇಂಗ್ಲೆಂಡಿನ ತರಬೇತಿ ಘಟಕಗಳಲ್ಲಿ ಪೈಲಟ್, ದಾರಿ ತೋರುವ ನ್ಯಾವಿಗೇಟರ್, ಗನ್ನರ್ ಎಲ್ಲರನ್ನೂ ಒಂದು ಹ್ಯಾಂಗರಿಗೆ ಬಿಟ್ಟು, ಯಾರಿಗೆ ಯಾರು ಬೇಕೋ ಕೂಡಿಕೊಳ್ಳಿ ಎಂದು ಹೇಳುತ್ತಿದ್ದರು; ದೊಡ್ಡ ವಿಮಾನದ ತರಬೇತಿಗೆ ಹೋದಾಗ ಫ್ಲೈಟ್ ಎಂಜಿನಿಯರ್ ಮುಂತಾದವರು ಬಂದು ಸೇರುತ್ತಿದ್ದರು. ಆದರೂ ಮೂವತ್ತು ದಾಳಿಗಳ ಒಂದು ಅವಧಿಯನ್ನು ಹೊರಟ ತಂಡವೇ ಹಾಗೇ ಮುಗಿಸುವುದು ಅಪರೂಪವಾಗಿತ್ತು. ಒಬ್ಬನಿಗೆ ಕಿವಿನೋವು ಬಂದರೆ ಆ ರಾತ್ರಿ ಬೇರೊಬ್ಬ ಗನ್ನರ್ ಹೋಗುತ್ತಿದ್ದ. ಹೊಸ ಪೈಲಟ್ ಅನುಭವಕ್ಕೆಂದು ಮೊದಲ ದಾಳಿಗೆ ಹಳಬರ ವಿಮಾನದಲ್ಲಿ ಹೋಗಿ ಹಿಂತಿರುಗದಿದ್ದರೆ, ಅವನ ಸ್ವಂತ ತಂಡದ ಆರು ಮಂದಿ ಒಂದು ದಾಳಿಯನ್ನೂ ನೋಡದೆ ನಾಯಕನಿಲ್ಲದವರಾಗುತ್ತಿದ್ದರು. ಆದ್ದರಿಂದ ಚಿತ್ರದ ದಿನದ ತಂಡ ಬೇರೆ, ಅಪಘಾತದ ದಿನದ ತಂಡ ಬೇರೆ ಎಂದೇ ಇಟ್ಟುಕೊಂಡು ಹೊರಡಬೇಕು. ಸಾರ್ಜೆಂಟ್ ಆಗಿದ್ದವನು ಅಧಿಕಾರಿಯಾದಾಗ ಅವನ ಸೇವಾಸಂಖ್ಯೆಯೂ ಬದಲಾಗುತ್ತಿದ್ದುದರಿಂದ, ಒಬ್ಬನೇ ವ್ಯಕ್ತಿ ಕಾಗದದಲ್ಲಿ ಇಬ್ಬರಂತೆ ಕಾಣಿಸಿಕೊಳ್ಳುವುದೂ ಉಂಟು. ಮನೆಯ ನೆನಪಿನಲ್ಲಂತೂ ವಿಮಾನದಲ್ಲಿದ್ದ ಪ್ರತಿಯೊಬ್ಬನೂ ಪೈಲಟ್ಟೇ! ಹಿಂಬದಿ ಗನ್ನರನ ಮೊಮ್ಮಗ ಎಂದು ಹೇಳಿಕೊಳ್ಳುವವರು ಕಡಿಮೆ.

ತಮ್ಮ ಚಿತ್ರದ ಹಿಂಬದಿಯ ಆ ಒಂದು ಸಾಲು ತಾವು ಎಣಿಸಿದ್ದಕ್ಕಿಂತ ಬೆಲೆಯುಳ್ಳದ್ದು. ಲಿಬರೇಟರ್ ಎಂಬ ಅಮೆರಿಕನ್ ನಿರ್ಮಿತ ನಾಲ್ಕು ಎಂಜಿನ್ನಿನ ಬಾಂಬರನ್ನು ನಡೆಸಲು ಬ್ರಿಟಿಷ್ ವಾಯುಪಡೆಯವರನ್ನು ತಯಾರು ಮಾಡುವ 1673ನೆಯ ಹೆವಿ ಕನ್ವರ್ಷನ್ ಯೂನಿಟ್ ಕೋಲಾರದಲ್ಲಿತ್ತು. 1944ರ ನವೆಂಬರ್ 8ರಂದು ಅದೇ ಘಟಕದಿಂದ 358ನೆಯ ಸ್ಕ್ವಾಡ್ರನ್ ಕೋಲಾರದಲ್ಲಿಯೇ ಹುಟ್ಟಿತು. ಹೊಸ ವರ್ಷದ ಆರಂಭದಲ್ಲಿ ಅದು ಬಂಗಾಳದ ಡಿಗ್ರಿ ನೆಲೆಗೆ ಹೋಯಿತು. ಬಾಂಬರ್ ಸ್ಕ್ವಾಡ್ರನ್ ಎಂದು ರೂಪುಗೊಂಡಿದ್ದರೂ ಬಹುಬೇಗ ಬರ್ಮಾ, ಸಯಾಂ (ಇಂದಿನ ಥಾಯ್ಲೆಂಡ್), ಇಂಡೋಚೀನಾಗಳಲ್ಲಿ ಶತ್ರುವಿನ ಬೆನ್ನ ಹಿಂದೆ ಗುಪ್ತ ಕಾರ್ಯಕರ್ತರನ್ನೂ ಸಾಮಗ್ರಿಯನ್ನೂ ಇಳಿಸುವ ಕೆಲಸಕ್ಕೆ ತಿರುಗಿತು. ಅಂದರೆ ತಮ್ಮ ಚಿತ್ರ ಒಂದು ಘಟಕ ಹೆಸರು ಬದಲಿಸಿದ ತಿಂಗಳಿನದು. ಏಳನೆಯ ತಾರೀಖಿನವರೆಗಿನ ವಿವರಕ್ಕೆ ತರಬೇತಿ ಘಟಕಗಳ ಕಡತಗಳಿರುವ ‘ಏರ್ 29’ ಶ್ರೇಣಿಯನ್ನೂ, ಅನಂತರದ್ದಕ್ಕೆ ‘ಏರ್ 27’ರಲ್ಲಿ 358ನೆಯ ಸ್ಕ್ವಾಡ್ರನ್ನಿನ ಪುಸ್ತಕವನ್ನೂ ನೋಡಬೇಕು. ತರಬೇತಿ ಘಟಕಗಳು ಹಾರಾಟದ ಹೆಸರುಗಳನ್ನು ಸ್ಕ್ವಾಡ್ರನ್ನುಗಳಷ್ಟು ಬಿಡಿಸಿ ಬರೆಯುತ್ತಿದ್ದುದು ಕಡಿಮೆ. ಸ್ಕ್ವಾಡ್ರನ್ನಿನ ಪುಸ್ತಕದಲ್ಲಿ ತಮಗೆ ಹೆಚ್ಚು ಫಲ ಸಿಗಬಹುದು.

ಚಿತ್ರವನ್ನು ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿ. ವಿಮಾನದ ಹಿಂಭಾಗದ ಪಕ್ಕೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಮತ್ತು ಮೂರು ಅಂಕಿಗಳ ಸಂಖ್ಯೆಯಿರುತ್ತದೆ. ಅದರ ಅರ್ಧ ಕಂಡರೂ ಸಾಕು. ಅಂಗಿಯ ಎಡಜೇಬಿನ ಮೇಲಿನ ಬಟ್ಟೆಯ ಬಿಲ್ಲೆಗಳನ್ನು ಗಮನಿಸಿ. ಎರಡು ರೆಕ್ಕೆಗಳಿದ್ದರೆ ಪೈಲಟ್. ಉಳಿದವರಿಗೆ ಒಂದೇ ರೆಕ್ಕೆ, ಅದರ ಬುಡದ ವೃತ್ತದಲ್ಲಿ ಅಕ್ಷರ: ನ್ಯಾವಿಗೇಟರಿಗೆ ‘ಎನ್’, ಎಂಜಿನಿಯರಿಗೆ ‘ಇ’, ಬಾಂಬ್ ಏಮರಿಗೆ ‘ಬಿ’, ಗನ್ನರಿಗೆ ‘ಎಜಿ’, ವೈರ್‌ಲೆಸ್ ಕೆಲಸದವನಿಗೆ ‘ಎಸ್’. ಭುಜದ ಮೇಲೆ ಕೆನಡಾ ಅಥವಾ ಆಸ್ಟ್ರೇಲಿಯಾ ಎಂದು ಹೊಲಿದಿದ್ದರೆ ಕೆಲಸ ಅರ್ಧ ಹಗುರವಾಯಿತೆನ್ನಿ, ಏಕೆಂದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರ ಇಂಥ ಅನೇಕ ಕಡತಗಳನ್ನು ಅಂತರ್ಜಾಲದಲ್ಲಿಯೇ ತೆರೆದಿಟ್ಟಿದೆ. ಒಬ್ಬನ ಎದೆಯ ಮೇಲೂ ಬಿಲ್ಲೆ ಇಲ್ಲದಿದ್ದರೆ ಅವರು ಹಾರುವವರೇ ಅಲ್ಲದೆ, ವಿಮಾನವನ್ನು ಸಜ್ಜುಗೊಳಿಸುತ್ತಿದ್ದ ಮೆಕ್ಯಾನಿಕರೂ ಆಗಿರಬಹುದು.

ಕೆರೆಯಾಚೆ ಬಿದ್ದ ವಿಮಾನವನ್ನು ಇದರಿಂದ ಬೇರೆಯಾಗಿಯೇ ಹುಡುಕಿ. ಶತ್ರುವಿನ ಗುಂಡಿಗಲ್ಲದೆ ಅಪಘಾತಕ್ಕೆ ಸಿಕ್ಕ ವಿಮಾನಗಳಿಗೆ 1180ನೆಯ ನಮೂನೆಯ ಕಾರ್ಡುಗಳಿದ್ದವು. ದಿನಾಂಕ, ಸ್ಥಳ, ವಿಮಾನದ ಸಂಖ್ಯೆ, ಪೈಲಟ್‌ನ ಹೆಸರು, ಕಾರಣ ಅವುಗಳಲ್ಲಿರುತ್ತವೆ. ಲಂಡನ್ನಿನ ವಾಯುಪಡೆ ವಸ್ತುಸಂಗ್ರಹಾಲಯಕ್ಕೆ ಬರೆದು ವಿಚಾರಿಸಬಹುದು. ದಿನಾಂಕ ಗೊತ್ತಿಲ್ಲದಿದ್ದರೆ ಹಿಂದಿನಿಂದ ಬನ್ನಿ. ದಕ್ಷಿಣ ಭಾರತದ ಚದುರಿದ ಸ್ಮಶಾನಗಳಲ್ಲಿ ಹೂತಿದ್ದ ಯುದ್ಧಕಾಲದ ಅನೇಕರನ್ನು ಮುಂದೆ ಮದ್ರಾಸ್ ಯುದ್ಧ ಸ್ಮಶಾನಕ್ಕೆ ಸಾಗಿಸಲಾಯಿತು. ಕಾಮನ್‌ವೆಲ್ತ್ ಯುದ್ಧ ಗೋರಿಗಳ ಆಯೋಗದ ಪಟ್ಟಿಯಲ್ಲಿ ಆ ಸ್ಮಶಾನದ ವಾಯುಪಡೆಯವರನ್ನು ಸಾವಿನ ದಿನಾಂಕದ ಪ್ರಕಾರ ಜೋಡಿಸಿದರೆ, ಒಂದೇ ದಿನ ಸತ್ತವರು ಒಟ್ಟಾಗಿ ಕಾಣುತ್ತಾರೆ. ಅವರ ಗೋರಿಯ ಸಂಖ್ಯೆಗಳು ಒತ್ತಿನಲ್ಲಿದ್ದರೆ, ಅಥವಾ ಎಲ್ಲರಿಗೂ ಸೇರಿ ಒಂದೇ ಸಾಮೂಹಿಕ ಗೋರಿ ಎಂದಿದ್ದರೆ, ಅದು ಬಹುಮಟ್ಟಿಗೆ ಒಂದು ವಿಮಾನದ ತಂಡ. ದೇಹಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಗದಾಗ ಹಾಗೆ ಒಟ್ಟಿಗೆ ಹೂಳುತ್ತಿದ್ದರು. ದೇಹ ಸಿಗದವರ ಹೆಸರಿಗೆ ಸಿಂಗಪುರದ ಕ್ರಾಂಜಿಯ ಸ್ಮಾರಕವನ್ನು ನೋಡಬೇಕು.

ವಿಮಾನ ಬ್ರಿಟಿಷರದ್ದೇ ಎಂದೂ ಗಟ್ಟಿ ಹಿಡಿಯಬೇಡಿ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಬಂದು 84ನೆಯ ಏರ್ ಡಿಪೋ ಆಗಿತ್ತು. ರಿಪೇರಿಗೆ ಬಂದುಹೋಗುವ ಅಮೆರಿಕನ್ ವಿಮಾನಗಳು ಆ ಆಕಾಶದಲ್ಲಿ ದಿನವೂ ಓಡಾಡುತ್ತಿದ್ದವು. ಅಮೆರಿಕನ್ನರದ್ದಾದರೆ ಕಡತಗಳು ಅಮೆರಿಕದಲ್ಲಿವೆ, ಮೃತರ ದೇಹಗಳನ್ನು ಯುದ್ಧಾನಂತರ ಅವರು ಭಾರತದಿಂದ ಒಯ್ದಿದ್ದಾರೆ. ಮದ್ರಾಸಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇಲ್ಲಿಯ ಕೆಲಸವನ್ನು ಮಾತ್ರ ಲಂಡನ್ನಿನವರು ಮಾಡಲಾರರು. ಯುದ್ಧಕಾಲದ ಸೆನ್ಸಾರಿನಿಂದಾಗಿ ಇಂಥ ಅಪಘಾತಗಳ ಸುದ್ದಿ ಪತ್ರಿಕೆಗಳಲ್ಲಿ ಬರುವುದು ವಿರಳವಾಗಿತ್ತು. ಹೀಗಾಗಿ ತಮ್ಮ ಅಜ್ಜಿಯವರಂಥವರ ಮಾತಿಗೆ ಬೆಲೆಯಿದೆ. ಊರಿನಲ್ಲಿ ಅದನ್ನು ಕೇಳಿಸಿಕೊಂಡವರು ಇನ್ನೂ ಇದ್ದರೆ ‘ಎಷ್ಟನೆಯ ಇಸವಿ’ ಎಂದು ಕೇಳಬೇಡಿ. ಇಸವಿಯನ್ನು ಅವರು ಊಹಿಸಿ ಹೇಳಿಬಿಡುತ್ತಾರೆ. ರಾಗಿ ಹೊಲದಲ್ಲಿತ್ತೇ, ಕಣಕ್ಕೆ ಬಂದಿತ್ತೇ, ಕೆರೆಯಲ್ಲಿ ನೀರಿತ್ತೇ, ಹಗಲೋ ರಾತ್ರಿಯೋ, ಬಿದ್ದ ಮೇಲೆ ಉರಿಯಿತೇ, ದೇಹಗಳನ್ನು ಯಾವ ದಿಕ್ಕಿಗೆ ಒಯ್ದರು, ಲಾರಿ ಬಂದಿತ್ತೇ, ತಗಡನ್ನು ಯಾರ ಮನೆಯವರು ತಂದಿಟ್ಟುಕೊಂಡರು ಎಂದು ಕೇಳಿ. ತಗಡಿನ ತುಂಡು ಯಾರ ಅಟ್ಟದಲ್ಲಾದರೂ ಸಿಕ್ಕರೆ ಉಜ್ಜಿ ತೊಳೆಯದೆ ಹಾಗೇ ಫೋಟೋ ತೆಗೆಯಿರಿ. ಅದರ ಮೇಲಿನ ಸಣ್ಣ ಮುದ್ರೆಯ ಅಂಕಿಗಳು ಬೇಕಾಗುತ್ತವೆ.

ಚಿತ್ರದ ಎರಡೂ ಬದಿಗಳನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಕಳುಹಿಸಿ. ಮೂಲಪ್ರತಿಯನ್ನು ಅಂಚೆಗೆ ಹಾಕಬೇಡಿ. ಮುಂದಿನ ಸಂಚಿಕೆಯಲ್ಲಿ ‘ಕೋಲಾರ, ನವೆಂಬರ್ 1944: ಗುರುತು ಸಿಗದ ಎಂಟು ಮಂದಿ’ ಎಂಬ ಅಡಿಬರಹದೊಂದಿಗೆ ಪ್ರಕಟಿಸುತ್ತೇವೆ. ಕೆರೆಯಾಚೆಯ ವಿಮಾನದ ವಿಚಾರ ಅದರ ಜೊತೆಗಿರುವುದಿಲ್ಲ. ದಿನಾಂಕ ಗೊತ್ತಾದ ಮೇಲೆ ಅದನ್ನು ಪ್ರತ್ಯೇಕವಾಗಿ ಬರೆಯೋಣ.

— ಸಂ.