ಇಂಗ್ಲೆಂಡಿನ ರೆಡಿಂಗ್‌ನ ಲೋವರ್ ಅರ್ಲಿಗೆ ಇತಿಹಾಸವೇ ಇಲ್ವಾ? ಅಲ್ಲಿ ಮನೆ ಮಾಡಬಹುದಾ?

"ಲೋವರ್ ಅರ್ಲಿ ಇತಿಹಾಸ ಇಲ್ಲದ ಹೊಸ ಲೇಔಟ್ ಅಂತೆ, ಅದಕ್ಕಿಂತ ಕ್ಯಾವರ್‌ಶಮ್ ವಾಸಿನಾ?" ಅಂತ ಕೇಳಿದ್ದೀರಿ. ಕ್ಯಾವರ್‌ಶಮ್ ಅಂದರೆ ಥೇಮ್ಸ್ ನದಿಯಾಚೆಯ ರೆಡಿಂಗ್ ಬಡಾವಣೆ. ನಾವೂ ಇದೇ ಮಾತಾಡಿಕೊಂಡೇ ಅಲ್ಲಿಗೆ ಹೋಗಿದ್ದು. ಡಿಸೆಂಬರ್ ಕೊನೆ ವಾರ, ಕಂಕುಳಲ್ಲಿ ಚಿಕ್ಕವನು, ದೊಡ್ಡವಳಿಗೆ ನಾಲ್ಕು ವರ್ಷ.

ಬಾಡಿಗೆ ಕರಾರಿನ ವಿಳಾಸದಲ್ಲಿ ರೆಡಿಂಗ್ ಅಂತಿತ್ತು. ನಾನು ಮಗಳ ಸ್ಕೂಲ್ ಅರ್ಜಿಯನ್ನು ರೆಡಿಂಗ್ ಕೌನ್ಸಿಲ್‌ಗೆ, ಅಂದರೆ ಅಲ್ಲಿನ ನಗರಾಡಳಿತಕ್ಕೆ, ಹಾಕಿಬಿಟ್ಟೆ. ತಪ್ಪಾಗಿದ್ದು ಅಲ್ಲೇ. ವಿಳಾಸದಲ್ಲಿ ಇರೋದು ಅಂಚೆಯವರ ಊರು ಅಷ್ಟೇ. ಲೋವರ್ ಅರ್ಲಿ ಪಕ್ಕದ ವೋಕಿಂಗಮ್ ಬರೋ ಕೌನ್ಸಿಲ್‌ಗೆ ಸೇರಿದ್ದು, ಮತ್ತು ಇಂಗ್ಲೆಂಡಿನಲ್ಲಿ ಯಾವ ಊರಿನ ಸ್ಕೂಲ್ ಬೇಕಿದ್ದರೂ ಅರ್ಜಿಯನ್ನು ನೀವು ವಾಸ ಇರುವ ಕೌನ್ಸಿಲ್‌ಗೇ ಹಾಕಬೇಕು. ಪ್ರೈಮರಿಗೆ ಜನವರಿ 15 ಕಡೇ ದಿನ. ನನಗೆ ವಿಷಯ ಗೊತ್ತಾಗುವಷ್ಟರಲ್ಲಿ ಫೆಬ್ರವರಿ. ತಡವಾದ ಅರ್ಜಿ ಅಂದರೆ ಸಮಯಕ್ಕೆ ಹಾಕಿದವರೆಲ್ಲ ಆದಮೇಲೆ ನಿಮ್ಮದು. ಮನೆ ಪಕ್ಕದ ಸ್ಕೂಲಿನ ಗಂಟೆ ಅಡುಗೆಮನೆಗೆ ಕೇಳಿಸುತ್ತಿತ್ತು, ನಾನು ಮಾತ್ರ ಮಳೆಯಲ್ಲಿ ಪ್ರಾಮ್ ತಳ್ಳಿಕೊಂಡು ಇವಳನ್ನು ಎರಡು ಬಸ್ ಬದಲಿಸಿ ಬಿಟ್ಟು ಬರುತ್ತಿದ್ದೆ. ಒಂದು ವರ್ಷ ಪೂರ್ತಿ.

ಇದಕ್ಕೆ ಕಾರಣ ನೀವು ಇಲ್ಲ ಅನ್ನುತ್ತಿರುವ ಆ ಇತಿಹಾಸವೇ. ಅರ್ಲಿ ಹೆಸರು 1086ರ ಡೂಮ್ಸ್‌ಡೇ ಅನ್ನೋ ಜಮೀನು ಲೆಕ್ಕದ ದಾಖಲೆಯಲ್ಲೇ ಇದೆ. 1887ರಲ್ಲಿ ಅದರ ಪಶ್ಚಿಮದ ತುಂಡು, ಅಂದರೆ ಬಿಸ್ಕತ್ ಫ್ಯಾಕ್ಟರಿ ಕೆಲಸಗಾರರ ಇಟ್ಟಿಗೆ ಮನೆಗಳ ನ್ಯೂಟೌನ್, ರೆಡಿಂಗ್‌ಗೆ ಸೇರಿತು. 1911ರಲ್ಲಿ ಥೇಮ್ಸ್ ಆಚೆಯ ಕ್ಯಾವರ್‌ಶಮ್ ಕೂಡ ಆಕ್ಸ್‌ಫರ್ಡ್‌ಶೈರ್ ಬಿಟ್ಟು ಬಂತು. ಉಳಿದ ಅರ್ಲಿ ಹೊರಗೇ ಉಳಿಯಿತು. 1971ರಲ್ಲಿ ಎಂ4 ಹೆದ್ದಾರಿ ದಕ್ಷಿಣಕ್ಕೆ ಹಾದುಹೋಯಿತು. ಆ ದಶಕದ ಕೊನೆಗೆ ನಡುವಿನ ಹೊಲಗಳಲ್ಲಿ ಖಾಸಗಿ ಬಿಲ್ಡರ್‌ಗಳು ಸಾವಿರಾರು ಮನೆ ಕಟ್ಟಲು ಶುರು ಮಾಡಿದರು. ಅದೇ ಲೋವರ್ ಅರ್ಲಿ. ಮನೆಗಳು ರೆಡಿಂಗ್‌ಗೆ ಅಂಟಿಕೊಂಡವು, ಗಡಿ ಮಾತ್ರ ಇದ್ದಲ್ಲೇ ಇತ್ತು. ನಾವಿದ್ದಾಗ ಸ್ವಲ್ಪ ದೂರ ನಡೆದರೆ ಗಡಿ ಕಣ್ಣಿಗೇ ಕಾಣುತ್ತಿತ್ತು: ಕಸದ ದಿನ ನಮ್ಮ ಕಡೆ ನೀಲಿ ಚೀಲ, ಅವರ ಕಡೆ ಚಕ್ರದ ಡಬ್ಬಿ.

ಕ್ಯಾವರ್‌ಶಮ್ ಚಂದ, ಸುಳ್ಳಲ್ಲ. ಆದರೆ ಬೆಳಗ್ಗೆ ಊರೊಳಗೆ ಬರೋದಕ್ಕೆ ಕಾರು, ಬಸ್ಸುಗಳಿಗೆಲ್ಲ ಇರೋದು ಎರಡೇ ಸೇತುವೆ. ಪುಟ್ಟ ಮಕ್ಕಳಿದ್ದರೆ ನಾನು ಈಗಲೂ ಲೋವರ್ ಅರ್ಲಿಯೇ ಅನ್ನುತ್ತೇನೆ. ಒಂದು ಸಂಜೆ ಮೇಡನ್ ಅರ್ಲಿ ಕೆರೆ ಸುತ್ತಿ ಬನ್ನಿ. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಲ್ಲಿ ದುಡ್ಡು ಮಾಡಿದ ಸಾಲಿ ಜೋಯಲ್‌ನ ಎಸ್ಟೇಟ್ ಅದು. ಬಂಗಲೆಯನ್ನು 1960ರಲ್ಲಿ ಕೆಡವಿದರು. ಕೆರೆ, ಕಾಡು ಹಾಗೇ ಇವೆ.

ಆದರೆ ಕರಾರಿಗೆ ಸಹಿ ಹಾಕುವ ಮೊದಲು ಆ ಮನೆಯ ಪೋಸ್ಟ್‌ಕೋಡ್ ಹಾಕಿ ಕೌನ್ಸಿಲ್ ಯಾವುದು ಅಂತ ನೋಡಿಕೊಳ್ಳಿ. ಏಜೆಂಟ್ ಬಾಯಿಮಾತು ಬೇಡ.