ಜಾಮ್ ಆದ ಎಂಜಿನ್‌ಗೆ ಟ್ರ್ಯಾಕ್ಟರ್ ಹಚ್ಚಿ ಜಗ್ಗಬ್ಯಾಡ್ರಿ: ಹಳೇ ಫ್ಲಾಟ್‌ಹೆಡ್ ಎಂಜಿನ್ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳ್ಯಾಗ ಲೇತ್ ಮತ್ತ ಎಂಜಿನ್ ಸಿಲಿಂಡರ್ ಬೋರಿಂಗ್ ಕೆಲಸ ಮಾಡ್ಕೋತ ಬಂದಾಂವ ನಾನು, ಹಳೇ ಪೆಟ್ರೋಲ್ ಎಂಜಿನ್ ಅಂದ್ರ ಜೀವ. ಈ ಸಲ ಬಂದ ಪ್ರಶ್ನೆಗೋಳ ಪೈಕಿ ನಾಕು ತಗೊಂಡೀನಿ. ಮೊದಲನೇದಕ್ಕ ಉತ್ತರ ಉದ್ದ ಆಗೇತಿ, ಯಾಕಂದ್ರ ಅದ ತಪ್ಪು ನಮ್ಮ ಕಡೆ ಭಾಳ ಮಂದಿ ಮಾಡ್ತಾರ.

ಪ್ರಶ್ನೆ: ನಮ್ದು ಮುಂಡರಗಿ ಹತ್ರ ಹಳ್ಳಿ ಸರ್. ಅಜ್ಜಾರು ಮಿಲಿಟ್ರಿ ಹರಾಜಿನ್ಯಾಗ ತಗೊಂಡಿದ್ದ ಜೀಪ್ ಒಂದು 20-22 ವರ್ಷದಿಂದ ಹತ್ತಿ ಗೋದಾಮಿನ್ಯಾಗ ನಿಂತೈತಿ. ಎಂಜಿನ್ ಜಾಮ್ ಆಗೇತಿ, ಹ್ಯಾಂಡಲ್ ಹಾಕಿದ್ರ ಅಲಗಾಡೂದಿಲ್ಲ. ಊರಾಗಿನ ಮೇಸ್ತ್ರಿ ಟ್ರ್ಯಾಕ್ಟರ್ ಕಟ್ಟಿ ಟಾಪ್ ಗೇರಿನ್ಯಾಗ ಜಗ್ಗಿದ್ರ ಬಿಡ್ತೈತಿ ಅಂತಾರ. ಇದು ಫ್ಲಾಟ್‌ಹೆಡ್ ಹೌದೋ ಅಲ್ಲೋ ಹೆಂಗ ತಿಳೀಬೇಕು, ಮುಂದ ಏನ್ ಮಾಡ್ಲಿ?

ಉತ್ತರ: ತಮ್ಮಾ, ಮೊದಲ ಆ ಟ್ರ್ಯಾಕ್ಟರ್ ಮಾತು ಬಿಡು. ನಾನೂ ಕೆಲಸ ಕಲಿಯೋ ಹೊತ್ತಿನ್ಯಾಗ ಹಂಗ ಒಂದು ಜೀಪ್ ಜಗ್ಗಿಸಿದ್ದೆ, ನಾಕು ಮಾರು ಹೋಗೂದ್ರಾಗ ಟಣ್ ಅಂತ ಸಪ್ಪಳಾತು, ಬಿಚ್ಚಿ ನೋಡಿದ್ರ ಎರಡು ಪಿಸ್ಟನ್ನಿನ ರಿಂಗ್ ಕೂಡೋ ಅಂಚು ಮುರದು ಆ ಚೂರು ಬೋರ್ (ಪಿಸ್ಟನ್ ಆಡೋ ಸಿಲಿಂಡರಿನ ಒಳಮೈ) ತುಂಬ ಗೆರಿ ಕೊರದಿದ್ವು. ಜಂಗ್ ಬರೇ ರಿಂಗ್ ಮತ್ತ ಬೋರ್ ನಡುವ ಇತ್ತು, ಒಂದು ವಾರ ಎಣ್ಣಿ ಕುಡಿಸಿದ್ರ ಸುಮ್ಮನ ಬಿಡ್ತಿತ್ತು. ಆ ಗಾಡಿ ಮಾಲಕರ ಮಾರಿ ಇನ್ನೂ ಕಣ್ಣ ಮುಂದೈತಿ.

ಈಗ ಗುರುತಿನ ಮಾತು. ಫ್ಲಾಟ್‌ಹೆಡ್ ಅಂದ್ರ ಸೈಡ್ ವಾಲ್ವ್, ವಾಲ್ವ್‌ಗೋಳು ಹೆಡ್ಡಿನ್ಯಾಗ, ಅಂದ್ರ ಎಂಜಿನ್ನಿನ ಮ್ಯಾಲಿನ ಮುಚ್ಚಳದಾಗ, ಇರೂದಿಲ್ಲ, ಸಿಲಿಂಡರ್ ಬಾಜೂಕ ಬ್ಲಾಕಿನ್ಯಾಗ, ಅಂದ್ರ ಸಿಲಿಂಡರ್ ಇರೋ ದೊಡ್ಡ ಎರಕದಾಗ, ತೆಲಿ ಮ್ಯಾಲ ಮಾಡ್ಕೊಂಡು ಕುಂತಿರ್ತಾವು. ಹೆಡ್ ಅನ್ನೂದು ದಪ್ಪನ ತಾಟಿನಂಗ, ಅದರ ಮ್ಯಾಲ ಪ್ಲಗ್ ಮತ್ತ ನಟ್ ಅಷ್ಟ ಕಾಣ್ತಾವು, ಮ್ಯಾಲಿಂದ ವಾಲ್ವ್ ಒತ್ತೋ ರಾಕರ್ ಇಲ್ಲ, ಅದರ ಕವರೂ ಇಲ್ಲ. ಕಾರ್ಬೋರೇಟರ್ ಕುಂತ ಮ್ಯಾನಿಫೋಲ್ಡೂ ಸೈಲೆನ್ಸರ್ ಮ್ಯಾನಿಫೋಲ್ಡೂ ಎರಡೂ ಬ್ಲಾಕಿಗೇ ಒಂದ ಬಾಜೂಕ ಬೋಲ್ಟ್ ಆಗಿರ್ತಾವು. ಎರಡನೇ ಮಹಾಯುದ್ಧದ ಕಾಲದ ಮಿಲಿಟ್ರಿ ಜೀಪ್ ವಿಲ್ಲೀಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ, ಆಮ್ಯಾಲ ಸಾದಾ ಮಂದಿಗೆ ಅಂತ ಬಂದ ವಿಲ್ಲೀಸ್ ಸಿಜೆ-2ಎ, ಸಿಜೆ-3ಎ ಈ ಎಲ್ಲಾದ್ರಾಗ ಇದ್ದದ್ದು ಗೋ ಡೆವಿಲ್ ಅನ್ನೋ ಎಂಜಿನ್: 134 ಘನ ಇಂಚು ಅಂದ್ರ ಸುಮಾರು 2.2 ಲೀಟರ್, 60 ಹಾರ್ಸ್‌ಪವರ್, ಬೋರ್ 3 ಇಂಚು 1 ಸೂತು (ಅಂದ್ರ 3.125), ಸ್ಟ್ರೋಕ್ 4.375.

ಆದ್ರ ನಮ್ಮ ಕಡೆ ಉಳದಿರೋ ಪೆಟ್ರೋಲ್ ಜೀಪ್ ಭಾಳಷ್ಟು ಮಹಿಂದ್ರಾದ ಸಿಜೆ-3ಬಿ, ಬಾನೆಟ್ ಎತ್ತರ ಇದ್ದವು. ಆ ಬಾನೆಟ್ ಎತ್ತರ ಆದದ್ದ ಎಂಜಿನ್ ಎತ್ತರ ಆಗಿದ್ದಕ್ಕ, ಯಾಕಂದ್ರ ಅದು ಹರಿಕೇನ್ ಎಂಜಿನ್, ಒಳಗ ತಗೊಳ್ಳೋ ವಾಲ್ವ್ ಹೆಡ್ಡಿನ್ಯಾಗ, ಹೊರಗ ಬಿಡೋ ವಾಲ್ವ್ ಬ್ಲಾಕಿನ್ಯಾಗ, ಇದಕ್ಕ ಎಫ್-ಹೆಡ್ ಅಂತಾರ. ಕೆಳಗಿನ ಬ್ಲಾಕ್ ಅಣ್ಣತಮ್ಮಂದಿರಂಗ ಕಾಣ್ತೈತಿ, ಹಿಂಗಾಗಿ ಮಂದಿ ಇದನ್ನೂ ಫ್ಲಾಟ್‌ಹೆಡ್ ಅಂತ ತಿಳ್ಕೊಂಡು ತಪ್ಪು ಹೆಡ್ ಗ್ಯಾಸ್ಕೆಟ್ ತರಸ್ತಾರ. ಹೆಡ್ ಮ್ಯಾಲ ಉದ್ದನ ತಗಡಿನ ಕವರ್ ಇದ್ದು ಕಾರ್ಬೋರೇಟರ್ ಹೆಡ್ಡಿಗೆ ಕುಂತಿತ್ತಂದ್ರ ಅದು ಹರಿಕೇನ್, ಮುಂದ ಕೇಳೂದ ಬ್ಯಾಡ.

ನಂಬರ್ ಬ್ಲಾಕಿನ ಮುಂದಿನ ಬಲಗಡೆ ನುಣ್ಣಗ ಮಾಡಿದ ಒಂದು ಸಣ್ಣ ಜಾಗಾದಾಗ ಪಂಚ್ ಆಗಿರ್ತೈತಿ. ಎಂಬಿ ಅಂತ ಶುರು ಆದ್ರ ವಿಲ್ಲೀಸ್, ಜಿಪಿಡಬ್ಲ್ಯೂ ಅಂತಿದ್ರ ಫೋರ್ಡ್, 3ಜೆ ಅಂದ್ರ ಸಿಜೆ-3ಎ, 4ಜೆ ಅಂದ್ರ ಹರಿಕೇನ್. ಆ ಜಾಗಾಕ್ಕ ಗ್ರೈಂಡರ್ ಹಚ್ಚಬ್ಯಾಡ್ರಿ, ಎಮರಿ ಪೇಪರೂ ಬ್ಯಾಡ, ಚಿಮಣಿ ಎಣ್ಣ್ಯಾಗ ಅದ್ದಿದ ಅರಿಬಿ, ಹಳೇ ಹಲ್ಲಿನ ಬ್ರಶ್ ಅಷ್ಟ ಸಾಕು. ಎಂಜಿನ್ ನಂಬರ್ ಒಂದು, ಚಾಸಿ ಇನ್ನೊಂದು ಇರೂದೂ ಉಂಟು, ಮಿಲಿಟ್ರಿ ವರ್ಕ್‌ಶಾಪಿನ್ಯಾಗ ಎಂಜಿನ್ ಅದಲು ಬದಲು ಮಾಡ್ತಿದ್ರು. ಅದಕ್ಕ ಚಾಸಿ ಮುಂದಿನ ಅಡ್ಡಪಟ್ಟಿನೂ ನೋಡ್ರಿ: ದುಂಡನ ಪೈಪ್ ಇದ್ರ ವಿಲ್ಲೀಸ್, ಡಬ್ಬಿಯಂಗ ಚೌಕ ಇದ್ರ ಫೋರ್ಡ್. ಫೋರ್ಡಿನವ್ರು ತಮ್ಮ ಬೋಲ್ಟ್ ತೆಲಿ ಮ್ಯಾಲೂ ತಮ್ಮ ಎಫ್ ಅಕ್ಷರ ಹಾಕ್ತಿದ್ರು, ಅಜ್ಜಾರ ಗಾಡ್ಯಾಗ ಅಂಥಾ ಬೋಲ್ಟ್ ಸಿಕ್ರ ಒಂದೂ ಒಗೀಬ್ಯಾಡ್ರಿ.

ಇನ್ನ ಜಾಮ್ ಬಿಡಸೂದು. ನಾಕೂ ಪ್ಲಗ್ ತಗೀರಿ. ಪವರ್ ಸ್ಟೇರಿಂಗಿಗೆ ಹಾಕೋ ಕೆಂಪನ ಎಟಿಎಫ್ ಆಯಿಲ್ ಅರ್ಧ, ಅಸಿಟೋನ್ ಅರ್ಧ ಕೂಡಿಸಿ ಒಂದೊಂದು ಸಿಲಿಂಡರಿಗೆ ಅರ್ಧ ಚಾದ ಕಪ್ ಅಷ್ಟು ಬಿಡ್ರಿ, ಬೆಂಕಿ ಬೀಡಿ ದೂರ ಇರ್ಲಿ, ಬಾಗಿಲಾ ತಕ್ಕೊಂಡು ಮಾಡ್ರಿ. ಫ್ಲಾಟ್‌ಹೆಡ್ಡಿನ್ಯಾಗ ಇನ್ನೊಂದು ಮಾತೈತಿ, ಪ್ಲಗ್ ತೂತಿನಿಂದ ಹಾಕಿದ ಎಣ್ಣಿ ತೆರೆದ ವಾಲ್ವ್ ಇದ್ರ ಪೋರ್ಟಿನ್ಯಾಗ ಇಳದ ಹೋಗ್ತೈತಿ, ಪಿಸ್ಟನ್ ಮ್ಯಾಲ ನಿಂದ್ರೂದಿಲ್ಲ, ಹಿಂಗಾಗಿ ದಿನಾ ಮುಂಜಾನೆ ನೋಡಿ ಹೊಳ್ಳಿ ಹಾಕ್ರಿ. ಬ್ಲಾಕಿನ ಬಾಜೂಕ ಇರೋ ಟ್ಯಾಪೆಟ್ (ವಾಲ್ವ್ ಎತ್ತೋ ಗುಂಡಿ) ಕವರ್ ಬಿಚ್ಚಿ ವಾಲ್ವ್ ಕಡ್ಡಿಗೋಳಿಗೂ ಎಣ್ಣಿ ಹೊಡೀರಿ, ಎಷ್ಟೋ ಸಲ ಪಿಸ್ಟನ್ ಬಿಟ್ಟಿರ್ತೈತಿ, ವಾಲ್ವ್ ಗೈಡಿನ್ಯಾಗ ಸಿಕ್ಕೊಂಡಿರ್ತೈತಿ. ನಾಕೈದು ದಿನ ಆದ ಮ್ಯಾಲ ಗಾಡಿ ನ್ಯೂಟ್ರಲ್ ಮಾಡಿ ಹ್ಯಾಂಡಲ್‌ಲೆ ಮುಂದ ಒಂದ್ ಎಳಿ, ಹಿಂದ ಒಂದ್ ಎಳಿ ಅಲಗಾಡಿಸಿ ನೋಡ್ರಿ, ಹಿಂದಕ್ಕ ಅಂದ್ರ ಫ್ಲೈವೀಲ್ ಹಲ್ಲಿಗೆ ಬಾರ್ ಕೊಟ್ಟು. ಕೂದಲೆಳಿಯಷ್ಟು ಅಲಗಾಡಿತಂದ್ರ ಗೆದ್ದಂಗ, ಮತ್ತ ಎಣ್ಣಿ, ಮತ್ತ ಸಾವಕಾಶ. ಹತ್ತು ದಿನ ಆದ್ರೂ ಜಗ್ಗಲಿಲ್ಲ ಅಂದ್ರ ಹೆಡ್ ಬಿಚ್ಚಬೇಕು, ಆದ್ರ ಹೆಡ್ಡು ಬ್ಲಾಕಿನ ನಡುವ ಚಾಣ ಬಡದು ಎಬ್ಬಸಬ್ಯಾಡ್ರಿ, ಅಲ್ಲೆ ಆದ ಒಂದು ಗುರುತು ಮುಂದ ಗ್ಯಾಸ್ಕೆಟ್ ಸುಡಾಕ ಸಾಕು.

ಯಾಕ ಇಷ್ಟು ಜ್ವಾಕಿ ಅಂತ ಹೇಳ್ತೀನಿ. ಬ್ಯಾರೆ ಎಂಜಿನ್ನಿನ್ಯಾಗ ವಾಲ್ವ್ ಸೀಟ್ (ವಾಲ್ವ್ ಕುಂದ್ರೋ ಅಂಚು) ಕೆಟ್ರ ಹೆಡ್ ಬದಲಿ ಮಾಡಿ ಪಾರಾಗಬಹುದು. ಇದ್ರಾಗ ವಾಲ್ವ್ ಸೀಟ್, ಗೈಡ್, ಹೊಗಿ ಹೋಗೋ ದಾರಿ, ನೀರು ಹರಿಯೋ ದಾರಿ, ಬೋರ್, ಎಲ್ಲಾ ಒಂದ ಬ್ಲಾಕಿನ್ಯಾಗ. ಬ್ಲಾಕ್ ಕೆಟ್ರ ಎಂಜಿನ್ನ ಕೆಟ್ಟಂಗ. ಹೆಡ್ ಬಿಚ್ಚಿದ ಮ್ಯಾಲ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಬೋರ್ ಕಡೆ ಏನರ ಕೂದಲಗೆರಿ ಬಿಟ್ಟೈತೇನು ಅಂತ ಡೈ ಪೆನಿಟ್ರಂಟ್ ಹೊಡದು ನೋಡಸ್ರಿ, ಕೆಂಪ ಬಣ್ಣ ಬಿರುಕಿನ್ಯಾಗ ಇಳದು ಬಿಳಿ ಪೌಡರ್ ಮ್ಯಾಲ ಎದ್ದ ಕಾಣ್ತೈತಿ, ಭಾಳ ಖರ್ಚಿಂದಲ್ಲ. ಬೋರ್ ಸವದಿದ್ರ ಜೀಪಿಗೆ 60 ಥೌ (ಒಂದು ಥೌ ಅಂದ್ರ ಇಂಚಿನ ಸಾವಿರದಾಗ ಒಂದು ಪಾಲು) ವರೆಗೂ ಓವರ್‌ಸೈಜ್ ಪಿಸ್ಟನ್ ಸಿಗ್ತಾವು, ಅದನ್ನೂ ದಾಟಿದ್ರ ಸ್ಲೀವ್ (ಒಳಗ ಕೂಡಸೋ ಹೊಸಾ ನಳಿಗಿ) ಹಾಕಿ ಸ್ಟ್ಯಾಂಡರ್ಡಿಗೆ ತರಬಹುದು. ಪಿಸ್ಟನ್ ಕೈಯಾಗ ಬಂದ ಮ್ಯಾಲನ ಬೋರ್ ಕಡಸ್ರಿ, ಮೊದಲ ಕಡಸಿ ಆಮ್ಯಾಲ ಪಿಸ್ಟನ್ ಹುಡುಕ್ಕೊಂತ ತಿರುಗಬ್ಯಾಡ್ರಿ. ವಾಲ್ವ್ ಗ್ರೈಂಡ್ ಆದಂಗ ವಾಲ್ವ್ ಕೆಳಗ ಇಳದು ಟ್ಯಾಪೆಟ್ ಸಂದು ಕಡಿಮಿ ಆಗ್ತೈತಿ, ಅದಕ್ಕ ಕಡೀಕ ಸಂದು ಹೊಸದಾಗಿ ಇಡ್ಲೇಬೇಕು: ಯುದ್ಧಕಾಲದ ಜೀಪಿಗೆ 14 ಥೌ, ಆಮ್ಯಾಲಿನ ಸಿಜೆಗೋಳಿಗೆ 16 ಥೌ, ಎಂಜಿನ್ ತಣ್ಣಗಿದ್ದಾಗ. ಕ್ಯಾಮ್‌ಶಾಫ್ಟ್ (ವಾಲ್ವ್ ಎತ್ತಿ ಇಳಸೋ ದಂಡ) ತರಸೂದಿದ್ರ ನಿಮ್ದು ಚೈನ್ ಟೈಮಿಂಗೋ ಗೇರ್ ಟೈಮಿಂಗೋ ನೋಡಿ ತರಸ್ರಿ, ಮೊದಲಿನವು ಚೈನ್, ಆಮ್ಯಾಲ ಗೇರ್ ಬಂತು, ಗೇರಿನ್ಯಾಗ ಕ್ಯಾಮ್ ಉಲ್ಟಾ ತಿರಗತೈತಿ, ಒಂದರದು ಇನ್ನೊಂದಕ್ಕ ನಡಿಯೂದಿಲ್ಲ.

ಪ್ರಶ್ನೆ: ಬ್ಯಾಡಗಿಯಿಂದ ಬರಿಯಾಕತ್ತೀನ್ರಿ. ಮೆಣಸಿನಕಾಯಿ ದಲಾಲಿ ಮಾಡ್ತಿದ್ದ ನಮ್ಮ ದೊಡ್ಡಪ್ಪಾರ ಪ್ಲಿಮತ್ ಗಾಡಿ ಐತಿ, ಎಂಜಿನ್ ನಂಬರ್ ಪಿ15 ಅಂತ ಶುರು ಆಗ್ತೈತಿ. ಚಾಲೂ ಆಗ್ತೈತಿ, ಆದ್ರ ಹಾವೇರಿ ಮುಟ್ಟೂದ್ರಾಗ ಕುದಿತೈತಿ. ರೇಡಿಯೇಟರ್ ಎರಡು ಸಲ ಮಾಡಿಸೀನಿ. ಎಲ್ಲಾರೂ ಇದನ್ನ ತಗದು ಡೀಸೆಲ್ ಎಂಜಿನ್ ಕೂಡಸು ಅಂತಾರ.

ಉತ್ತರ: ಕೂಡಸಬ್ಯಾಡ್ರಿ, ಕೈ ಮುಗಿತೀನಿ. ಪಿ15 ಅಂದ್ರ 1946 ರಿಂದ 1949 ರ ಶುರುವಿನ ತನಕದ ಗಾಡಿ, ಆರು ಸಿಲಿಂಡರ್ ಫ್ಲಾಟ್‌ಹೆಡ್, 217.8 ಘನ ಇಂಚು, 95 ಹಾರ್ಸ್‌ಪವರ್. ನಿಮ್ಮ ರೇಡಿಯೇಟರ್ ತಪ್ಪು ಇರಲಿಕ್ಕಿಲ್ಲ. ಈ ಎಂಜಿನ್ನಿನ ವಾಟರ್ ಬಾಡಿ (ನೀರು ತಳ್ಳೋ ಪಂಪ್) ಹಿಂದ, ಬ್ಲಾಕಿನ ಒಳಗ, ಮುಂದಿಂದ ಹಿಂದಿನ ತನಕ ತಗಡಿನ ಒಂದು ಉದ್ದನ ನಳಿಗಿ ಇರ್ತೈತಿ, ಅದಕ್ಕ ಅಲ್ಲಲ್ಲೆ ಕಿಂಡಿ ಇದ್ದು ತಣ್ಣನ ನೀರು ಸೀದಾ ಎಕ್ಸಾಸ್ಟ್ ವಾಲ್ವ್ ಸೀಟಿಗೆ ಬಡೀತೈತಿ. ಅದು ಜಂಗ್ ತಿಂದು ಮುಂದ ತೂತ್ ಬಿತ್ತಂದ್ರ ನೀರೆಲ್ಲಾ ಮುಂದಿನ ಸಿಲಿಂಡರಿಗೇ ಹೋಗಿ ಹಿಂದಿನ 5, 6 ನಂಬರಿಗೆ ನೀರ ಮುಟ್ಟೂದಿಲ್ಲ, ಅಲ್ಲೆ ವಾಲ್ವ್ ಸುಡ್ತಾವು. ರೇಡಿಯೇಟರ್, ವಾಟರ್ ಬಾಡಿ ಬಿಚ್ಚಿ ತಂತಿ ಕೊಕ್ಕಿಲೆ ಆ ನಳಿಗಿ ಜಗ್ಗಬೇಕು, ಸುಮ್ಮನ ಬರೂದಿಲ್ಲ, ಚೂರು ಚೂರಾಗಿ ಬರ್ತೈತಿ, ಒಂದು ದಿನ ಇಡೀ ಹಿಡದ್ರೂ ಬೇಜಾರ ಮಾಡ್ಕೋಬ್ಯಾಡ್ರಿ. ಹಿತ್ತಾಳಿ ಅಥವಾ ಸ್ಟೀಲಿಂದು ಹೊಸಾದು ತರಸ್ರಿ. ಆವಾಗ ಬ್ಲಾಕಿನ ಬಾಜೂದ ಡಮ್ಮಿಗೋಳನ್ನೂ (ನೀರಿನ ಜಾಗಾದ ತೂತು ಮುಚ್ಚೋ ತಗಡಿನ ಬಿಲ್ಲಿ) ತಗದು ಒಳಗಿನ ರಾಡಿ ತಂತಿ ಹಾಕಿ ಕೆದರಿ ತೊಳೀರಿ, ಹಿಂದಿನ ಡಮ್ಮಿ ಹತ್ರ ಗಟ್ಟಿ ಮಣ್ಣಿನಂಗ ಕುಂತಿರ್ತೈತಿ. ನಮ್ಮ ಬೋರ್‌ವೆಲ್ಲಿನ ಸವಳ ನೀರು ರೇಡಿಯೇಟರಿಗೆ ಹಾಕಿ ಹಾಕಿ ಆದದ್ದದು, ಮನ್ಯಾಗ ಚಾ ಕಾಸೋ ಪಾತ್ರಿ ತಳದಾಗ ಬೆಳ್ಳಗ ಕುಂದರತೈತಲ್ಲ ಅದ. ಇನ್ನ ಮ್ಯಾಲ ಮಳಿ ನೀರು ಇಲ್ಲಾ ಡಿಸ್ಟಿಲ್ಡ್ ನೀರು, ಜೋಡಿ ಕೂಲಂಟ್.

ಹೆಡ್ ಗ್ಯಾಸ್ಕೆಟ್ ತರಸೋ ಮೊದಲ ಹೆಡ್ಡಿನ ಉದ್ದ ಅಳೀರಿ. 23 ಇಂಚಿಂದೂ ಅದಾವು, ಕೆನಡಾ ಕಡೆ ಮಾಡಿದ 25 ಇಂಚಿಂದೂ ಅದಾವು, ನಮ್ಮ ದೇಶಕ್ಕ ಎರಡೂ ನಮೂನಿ ಬಂದಿದ್ದು ಸಾಧ್ಯ ಐತಿ, ಎರಡರ ಗ್ಯಾಸ್ಕೆಟ್ ಬ್ಯಾರೆ ಬ್ಯಾರೆ.

ಡೀಸೆಲ್ ಮಾತಿಗೆ ಇನ್ನೊಂದು. 2021 ರಾಗ ಕೇಂದ್ರ ಸರ್ಕಾರ ವಿಂಟೇಜ್ ಗಾಡಿ ರೂಲ್ ತಂದೈತಿ, 50 ವರ್ಷ ದಾಟಿದ ಗಾಡಿಗೆ ವಿಎ ಅನ್ನೋ ಬ್ಯಾರೆ ಸೀರೀಸ್ ನಂಬರ್, ಹೊಸಾ ರಿಜಿಸ್ಟ್ರೇಶನ್ನಿಗೆ 20,000 ರೂಪಾಯಿ, ಹತ್ತು ವರ್ಷ ನಡೀತೈತಿ, ಆಮ್ಯಾಲ 5,000. ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣಿ ಇಲ್ಲದ ಮೂಲ ರೂಪದಾಗ ಇರಬೇಕು ಅನ್ನೂದು ಅದರ ಶರತ್ತು. ಡೀಸೆಲ್ ಕೂಡಿಸಿದ ದಿನ ಆ ಬಾಗಿಲಾ ಮುಚ್ಚಿತು.

ಪ್ರಶ್ನೆ: ಧಾರವಾಡ ಸಪ್ತಾಪುರದಾಗ ಮನಿ. ನಮ್ಮದು ಭಾಳ ಹಳೇ ಅಂಬಾಸಿಡರ್. ಅಂಬಾಸಿಡರಿಗೆ ಫ್ಲಾಟ್‌ಹೆಡ್ ಇತ್ತು ಅಂತ ಒಬ್ರು ಹೇಳಿದ್ರು, ಖರೇನ?

ಉತ್ತರ: ಖರೇರಿ. 1954 ರ ಲ್ಯಾಂಡ್‌ಮಾಸ್ಟರಿಗೂ ಆಮ್ಯಾಲ ಬಂದ ಮೊದಮೊದಲಿನ ಅಂಬಾಸಿಡರಿಗೂ 1476 ಸಿಸಿ ಸೈಡ್ ವಾಲ್ವ್ ಎಂಜಿನ್ನ ಇತ್ತು, 1959 ರಾಗ 1489 ಸಿಸಿ ಓವರ್‌ಹೆಡ್ ವಾಲ್ವ್ ಬಂತು. ಬಾನೆಟ್ ಎತ್ತಿದ್ರ ಮ್ಯಾಲ ಆಯಿಲ್ ಹಾಕೋ ಮುಚ್ಚಳ ಇದ್ದ ರಾಕರ್ ಕವರ್ ಕಂಡ್ರ ಹೊಸಾದು. ಬರೇ ಚಪ್ಪಟಿ ಹೆಡ್ಡು, ಪ್ಲಗ್ಗು ಕಂಡ್ರ ನಿಮ್ಮನ್ಯಾಗ ಅಪರೂಪದ ಗಾಡಿ ಐತಿ, ಒಂದು ಫೋಟೋ ಕಳಸ್ರಿ, ಕಣ್ತುಂಬ ನೋಡ್ತೀನಿ.

ಪ್ರಶ್ನೆ: ಹುಬ್ಬಳ್ಳಿ ಗುಜರಿ ಒಳಗ ಫೋರ್ಡ್ ವಿ8 ಫ್ಲಾಟ್‌ಹೆಡ್ ಎಂಜಿನ್ ಒಂದು ನೋಡೀನಿ ಅಣ್ಣಾರ. ಬ್ಲಾಕ್ ಮ್ಯಾಲ ಎಲ್ಲೂ ನಂಬರಿಲ್ಲ. ಯಾವ ವರ್ಷದ್ದು, ತಗೋಬೇಕೋ ಬ್ಯಾಡೋ?

ಉತ್ತರ: ನಂಬರಿಲ್ಲ ಅಂತ ಬಿಡಬ್ಯಾಡ್ರಿ. 1932 ರಿಂದ 1948 ರ ತನಕ ಫೋರ್ಡಿನವ್ರು ಸೀರಿಯಲ್ ನಂಬರನ್ನ ಕ್ಲಚ್ ಹೌಸಿಂಗ್ ಮತ್ತ ಚಾಸಿ ಮ್ಯಾಲ ಪಂಚ್ ಮಾಡ್ತಿದ್ರು, ಬ್ಲಾಕಿಗಲ್ಲ. ಇದರ ವಯಸ್ಸು ಎತ್ತಿನ ಹಲ್ಲು ಎಣಿಸಿದಂಗ ಸ್ಟಡ್ ಎಣಿಸಿ ಹೇಳಬೇಕು. ವಿ8 ಅಂದ್ರ ನಾಕು ನಾಕು ಸಿಲಿಂಡರ್ ವಿ ಆಕಾರದಾಗ, ಹಿಂಗಾಗಿ ಹೆಡ್ ಎರಡು; ಸ್ಟಡ್ ಅಂದ್ರ ಹೆಡ್ ಬಿಗಿಯೋ ಕಡ್ಡಿ. ಒಂದು ಹೆಡ್ಡಿಗೆ 21 ಸ್ಟಡ್ ಇದ್ರ 1938 ರ ತನಕದ್ದು, 24 ಇದ್ರ ಆಮ್ಯಾಲಿಂದು, 17 ಇದ್ರ 60 ಹಾರ್ಸ್‌ಪವರಿನ ಸಣ್ಣ ವಿ8. 21 ರಾಗೂ ವಾಟರ್ ಬಾಡಿ ಹೆಡ್ಡಿನ ಮುಂದ ಕುಂತಿದ್ರ 1936 ರ ಒಳಗಿಂದು, ಬ್ಲಾಕಿಗೆ ಕುಂತಿದ್ರ 1937 ರ ಮ್ಯಾಲಿಂದು. 24 ಸ್ಟಡ್ಡಿನ್ಯಾಗ ನೀರಿನ ಪೈಪ್ ಹೆಡ್ಡಿನ ನಟ್ಟನಡುವ ಬಂದು, ಹಿಂದಿನ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚೋ ಗಂಟಿಯಂಥಾ ಕವಚ) ಬ್ಲಾಕಿನ ಜೋಡೀನ ಎರಕ ಆಗಿದ್ರ 1948 ರ ಒಳಗ. ಪೈಪ್ ಹೆಡ್ಡಿನ ಮುಂದಿನ ತುದಿಗೆ ಬಂದು, ಹೌಸಿಂಗ್ ಬ್ಯಾರೆ ಬೋಲ್ಟ್ ಆಗಿದ್ರ 1949 ರಿಂದ 1953. ಬೆಲ್ ಹೌಸಿಂಗ್ ಮ್ಯಾಲ 59 ಅಂತ ಎರಕದಾಗ ಇದ್ರ 239 ಘನ ಇಂಚಿಂದು, ಅದಕ್ಕ ಬೇಡಿಕಿ ಭಾಳ. ಎರಡನೇ ಮಹಾಯುದ್ಧದಾಗ ಕೆನಡಾದ ಫೋರ್ಡ್ ಮಿಲಿಟ್ರಿ ಟ್ರಕ್ ನಮ್ಮ ದೇಶಕ್ಕ ರಾಶಿ ಬಂದಿದ್ವು, ಯುದ್ಧ ಮುಗದ ಮ್ಯಾಲ ಮಂದಿ ಕೈಗೆ ಬಿದ್ವು, ನೀವು ನೋಡಿದ್ದು ಅಂಥಾದ್ರದ್ದೂ ಇರಬಹುದು.

ತಗೊಳ್ಳೋ ಮಾತಿಗೆ ಬಂದ್ರ, ಈ ವಿ8 ರಾಗ ಎಕ್ಸಾಸ್ಟ್ ದಾರಿ ಬ್ಲಾಕಿನ ನಡುವಿಂದ ನೀರಿನ ಜಾಕೆಟ್ ದಾಟಿ ಹೊರಗ ಬರ್ತೈತಿ, ಹಿಂಗಾಗಿ ಇದು ಹುಟ್ಟಿನಿಂದ ಬಿಸಿ ಗಿರಾಕಿ, ಬಿರುಕು ಬಿಡೂದೂ ಜಾಸ್ತಿ, ವಾಲ್ವ್ ಸೀಟಿನಿಂದ ಬೋರಿಗೆ ಇಲ್ಲಾ ಸ್ಟಡ್ ತೂತಿಗೆ. ಒಂದೆರಡು ಹೊರಗಿನ ಬಿರುಕು ಪಿನ್ ಹಾಕಿ ಹೊಲಿಯೋ ರೀತಿಯಿಂದ ಮಾಡಸಬಹುದು, ಬೋರ್ ಒಳಗ ಬಿಟ್ಟಿದ್ರ ಸ್ಲೀವ್ ಹಾಕಬಹುದು, ಆದ್ರ ನಾಕೈದು ಸೀಟಿಗೆ ಬಿಟ್ಟಿದ್ರ ಬಿಡ್ರಿ. ಗೇಟ್ ಗ್ರಿಲ್ ಮಾಡೋ ವೆಲ್ಡಿಂಗ್ ಅಂಗಡ್ಯಾಗ ಮಾತ್ರ ಹಚ್ಚಸಬ್ಯಾಡ್ರಿ, ಬೀಡು ಕಬ್ಬಿಣ ಒಂದು ಕಡೆ ಕಾದು ಲಗೂ ಆರಿತಂದ್ರ ಬಾಜೂಕ ಹೊಸಾ ಬಿರುಕು ಬಿಡ್ತೈತಿ. ಗುಜರಿಯವ್ರಿಗೆ ಥೋಡೆ ಅಡ್ವಾನ್ಸ್ ಕೊಟ್ಟು ಹೆಡ್ ಎರಡೂ ಬಿಚ್ಚಿಸಿ, ಬ್ಲಾಕ್ ತೊಳಸಿ, ಪ್ರೆಶರ್ ಟೆಸ್ಟ್ ಮಾಡಿಸಿದ ಮ್ಯಾಲ ಉಳದ ರೊಕ್ಕ ಅಂತ ಮಾತಾಡ್ರಿ, ಅದಕ್ಕ ಅವ್ರು ಒಪ್ಪಲಿಲ್ಲಂದ್ರ ಬರೇ ಕಬ್ಬಿಣದ ತೂಕದ ರೇಟಿಗೆ ತಗೋರಿ. ಬಿಚ್ಚಿದ ಹಳೇ ಗ್ಯಾಸ್ಕೆಟ್ ಹರದಿದ್ರೂ ರಟ್ಟಿನ ಮ್ಯಾಲ ಅಂಟಿಸಿ ಇಟ್ಕೋರಿ, ಹೊಸಾದು ಬಂದಾಗ ತೂತಿಗೆ ತೂತು ಹಚ್ಚಿ ನೋಡಾಕ ಅದ ಬೇಕಾಗ್ತೈತಿ.